ರೋಬೊ ಹಿಂದೆ ಇರುವುದು ಡಾಕ್ಟರರ ಕೈಯೇ

ಪ್ರಶ್ನೆ: ಅಪ್ಪಾಜಿಗೆ 66 ವರ್ಷ, ಪ್ರಾಸ್ಟೇಟ್ ಕ್ಯಾನ್ಸರ್. ಬೆಳಗಾವಿಯಲ್ಲಿ ರೋಬೊಟಿಕ್ ಆಪರೇಷನ್ ಹೇಳಿದ್ದಾರೆ. ‘ಮಷಿನ್ ಕೈಯಾಗ ಜೀವ ಕೊಡೂದಿಲ್ಲ’ ಅಂತಾರೆ. ನಡುವೆ ನೆಟ್‌ವರ್ಕ್ ಹೋದರೆ?
– ಮಗಳು, ಮಮದಾಪುರ, ಗೋಕಾಕ ತಾಲ್ಲೂಕು

ಉತ್ತರ: ಅವರ ಅಂಜಿಕೆ ಸಹಜ. ಆದರೆ ಈ ಯಂತ್ರ ತಾನಾಗಿ ಏನನ್ನೂ ಕತ್ತರಿಸದು. ಸರ್ಜನ್ ಸಾಮಾನ್ಯವಾಗಿ ಅದೇ ಕೋಣೆಯಲ್ಲಿ ಕುಳಿತು, ಹಿಗ್ಗಿಸಿದ ಚಿತ್ರ ನೋಡುತ್ತ ಕೈ ಆಡಿಸುತ್ತಾರೆ. ಉಪಕರಣದ ತುದಿ ಅದನ್ನೇ ಸಣ್ಣದಾಗಿ, ನಡುಕವಿಲ್ಲದೆ ಮಾಡುತ್ತದೆ. ನಡುವೆ ಇರುವುದು ಕೇಬಲ್, ಮೊಬೈಲ್ ನೆಟ್‌ವರ್ಕ್ ಅಲ್ಲ.

ದೂರದಿಂದ ಮಾಡುವ ಶಸ್ತ್ರಚಿಕಿತ್ಸೆಯೂ ಉಂಟು, ಆದರೆ ವಿರಳ. 2001ರ ಸೆಪ್ಟೆಂಬರ್ 7ರಂದು ಡಾ. ಝಾಕ್ ಮಾರೆಸ್ಕೊ ನ್ಯೂಯಾರ್ಕಿನಲ್ಲಿ ಕುಳಿತು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿದ್ದ ರೋಗಿಯ ಪಿತ್ತಕೋಶ ತೆಗೆದರು. 2025ರ ಜನವರಿಯಲ್ಲಿ ದೇಶದಲ್ಲೇ ತಯಾರಾದ ‘ಮಂತ್ರ’ ರೋಬೊ ಮೂಲಕ ಗುರುಗ್ರಾಮದಿಂದ ಜೈಪುರದ ರೋಗಿಗೆ ಹೃದಯ ಶಸ್ತ್ರಚಿಕಿತ್ಸೆ ನಡೆಯಿತು. ಇಂಥ ಕಡೆ ರೋಗಿಯ ಪಕ್ಕದಲ್ಲೂ ವೈದ್ಯರ ತಂಡ ಇರಲೇಬೇಕು.

ರೋಬೊದಿಂದ ಗಾಯ ಚಿಕ್ಕದು, ರಕ್ತ ಹೋಗುವುದು ಕಡಿಮೆ. ಆದರೂ ಮೂತ್ರದ ಹಿಡಿತ, ಲೈಂಗಿಕ ಶಕ್ತಿಯ ತೊಂದರೆ ಬರಬಹುದು. ಪಳಗಿದ ಕೈಯಲ್ಲಿ ತೆರೆದ ಶಸ್ತ್ರಚಿಕಿತ್ಸೆಯೂ ಕಡಿಮೆಯೇನಲ್ಲ. ಆದ್ದರಿಂದ ಕೇಳಿ: ಸರ್ಜನ್ ಇಂಥವು ಎಷ್ಟು ಮಾಡಿದ್ದಾರೆ? ಯಂತ್ರ ಕೆಟ್ಟರೆ ಮುಂದೇನು? ಒಟ್ಟು ಖರ್ಚೆಷ್ಟು? ಆಯುಷ್ಮಾನ್ ಕಾರ್ಡ್ ನಡೆಯುತ್ತದೆಯೇ?

ಅಪ್ಪಾಜಿಯವರನ್ನೇ ಕರೆದೊಯ್ದು ಸರ್ಜನ್ ಜೊತೆ ಮಾತಾಡಿಸಿ. ಕೈ ಯಾರದೆಂದು ಕಂಡರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.