ನೀರಿನ ದರ: ಪೈಸೆಯ ಲೆಕ್ಕ, ಶೇಕಡಾ ಲೆಕ್ಕ

2023ರ ಫೆಬ್ರವರಿ 3ರಿಂದ ಕೇರಳ ಜಲ ಪ್ರಾಧಿಕಾರವು ನೀರಿನ ದರವನ್ನು ಲೀಟರಿಗೆ ಒಂದು ಪೈಸೆಯಂತೆ ಏರಿಸಿತು. ಪೈಸೆಯ ನಾಣ್ಯವನ್ನೇ ಕಾಣದ ಇಂದಿನ ಮಕ್ಕಳಿಗೆ ಇದು ಗಣನೆಗೆ ಬಾರದ ಮೊತ್ತ. ಸಾವಿರ ಲೀಟರಿಗೆ ಅದು ಹತ್ತು ರೂಪಾಯಿಯಾಗುತ್ತದೆ. ತಿಂಗಳಿಗೆ ಐದು ಸಾವಿರ ಲೀಟರಿನವರೆಗೆ ಬಳಸುವ ಮನೆಯ ಕನಿಷ್ಠ ಶುಲ್ಕವು 22.05 ರೂಪಾಯಿಯಿಂದ 72.05 ರೂಪಾಯಿಗೆ ಏರಿತು. ಶೇಕಡಾ ಕ್ರಮವನ್ನು ಬೋಧಿಸುವ ಅಧ್ಯಾಪಕರಿಗೆ ಇಷ್ಟು ಹತ್ತಿರದ ಉದಾಹರಣೆ ಬೇರೆ ದೊರೆಯುವುದು ಕಷ್ಟ.

ಈ ಹಂತದಲ್ಲಿ ಸಾವಿರ ಲೀಟರಿನ ದರ 4.41ರಿಂದ 14.41 ರೂಪಾಯಿ ಆಯಿತು. ಏರಿಕೆ ಸುಮಾರು ಶೇ. 227. ಐವತ್ತು ಸಾವಿರ ಲೀಟರಿಗಿಂತ ಹೆಚ್ಚು ಬಳಸುವವರ ದರ 44.10ರಿಂದ 54.10 ರೂಪಾಯಿ ಆಯಿತು, ಏರಿಕೆ ಶೇ. 23ರಷ್ಟೂ ಇಲ್ಲ. ಎಲ್ಲರಿಗೂ ಒಂದೇ ಮೊತ್ತವನ್ನು ಕೂಡಿಸಿದಾಗ ಕಡಿಮೆ ಬಳಸುವವನ ಮೇಲೆ ಬೀಳುವ ಭಾರವೇ ಹೆಚ್ಚೆಂಬುದನ್ನು ಮಕ್ಕಳು ತಾವೇ ಭಾಗಿಸಿ ಕಾಣಲಿ. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ದರ ಏರಿದಾಗ ಬೇರೆ ಕ್ರಮವನ್ನು ಅನುಸರಿಸಲಾಯಿತು: ಕೆಳಗಿನ ಹಂತಕ್ಕೆ ಸಾವಿರ ಲೀಟರಿಗೆ ಒಂದೂವರೆ ರೂಪಾಯಿ, ಮೇಲಿನ ಹಂತಕ್ಕೆ ಹತ್ತು ರೂಪಾಯಿ. ಅಲ್ಲಿ 7 ರೂಪಾಯಿ 8.50 ಆಯಿತು, 45 ರೂಪಾಯಿ 55 ಆಯಿತು, ಎರಡೂ ಶೇ. 21–22ರ ಏರಿಕೆಗಳು.

ಕೇರಳದಲ್ಲಿ ಬಡತನ ರೇಖೆಗಿಂತ ಕೆಳಗಿರುವ ಕುಟುಂಬಗಳಿಗೆ ತಿಂಗಳಿಗೆ ಹದಿನೈದು ಸಾವಿರ ಲೀಟರಿನವರೆಗೆ ನೀರು ಉಚಿತವೆಂಬುದನ್ನೂ ಹೇಳಬೇಕು. ಆದುದರಿಂದ ಈ ಏರಿಕೆಯ ಬಿಸಿ ಹೆಚ್ಚಾಗಿ ತಟ್ಟಿದ್ದು ರೇಖೆಯಿಂದ ಸ್ವಲ್ಪವೇ ಮೇಲಿರುವ ಮನೆಗಳಿಗೆ.

ತರಗತಿಯಲ್ಲಿ ಒಂದು ಎಚ್ಚರಿಕೆ ಅಗತ್ಯ. ಮನೆಯ ಬಿಲ್ಲನ್ನು ತರಲು ಹೇಳುವುದಾಗಲಿ, ರೇಶನ್ ಕಾರ್ಡಿನ ಬಣ್ಣವನ್ನು ಕೇಳುವುದಾಗಲಿ ಬೇಡ. ಬಾಕಿ ಉಳಿದ ಬಿಲ್ಲು ಮಗುವನ್ನು ಎಲ್ಲರೆದುರು ತಲೆತಗ್ಗಿಸುವಂತೆ ಮಾಡೀತು. ಅಂಕಿಗಳನ್ನು ಅಧ್ಯಾಪಕರೇ ಹಲಗೆಯ ಮೇಲೆ ಬರೆಯಲಿ. ಕಾಸರಗೋಡಿನ ಬಹಳಷ್ಟು ಮನೆಗಳಿಗೆ ಬಾವಿಯೋ ಸುರಂಗವೋ ಆಸರೆ; ಅಂತಹ ಮನೆಯ ಮಕ್ಕಳು ಪಂಪಿನ ವಿದ್ಯುತ್ ವೆಚ್ಚವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಹುದು.

ಒಳಚರಂಡಿ ಶುಲ್ಕವು ಇಲ್ಲಿನ ಮಕ್ಕಳಿಗೆ ಅಪರಿಚಿತ. ಕೇರಳದಲ್ಲಿ ತಿರುವನಂತಪುರ, ಕೊಚ್ಚಿಯ ಭಾಗಗಳಂತಹ ಕೆಲವೇ ಕಡೆ ಕೊಳವೆಜಾಲವಿದೆ. ಮನೆಯಿಂದ ಹೊರಹೋಗುವ ಕೊಳಚೆಗೆ ಮೀಟರ್ ಇರುವುದಿಲ್ಲ. ಪೂರೈಸಿದ ನೀರಿನ ಶೇ. 80ರಷ್ಟು ಕೊಳಚೆಯಾಗುತ್ತದೆಂಬುದು ಎಂಜಿನಿಯರರ ರೂಢಿಯ ಲೆಕ್ಕ. ಹಲವು ನಗರಗಳಲ್ಲಿ ಈ ಶುಲ್ಕವನ್ನು ನೀರಿನ ಶುಲ್ಕದ ಒಂದು ಪಾಲಾಗಿ ವಿಧಿಸುತ್ತಾರೆ.

ಅಭ್ಯಾಸಕ್ಕೆ ಒಂದು ಲೆಕ್ಕ. ಎರಡು ತಿಂಗಳ ಬಿಲ್ಲಿನಲ್ಲಿ ಬಳಕೆ 18,000 ಲೀಟರ್ ಎಂದಿದೆ. ಮಕ್ಕಳು ತಪ್ಪುವುದು ಇಲ್ಲೇ: ಹಂತವನ್ನು ಹುಡುಕುವ ಮೊದಲು ಎರಡರಿಂದ ಭಾಗಿಸಬೇಕು. ತಿಂಗಳಿಗೆ 9,000 ಲೀಟರ್. ಐದರಿಂದ ಹತ್ತು ಸಾವಿರದ ಹಂತಕ್ಕೂ ದರ ಅದೇ 14.41. ಹೊಸ ದರದಲ್ಲಿ ಎರಡು ತಿಂಗಳಿಗೆ 259.38 ರೂಪಾಯಿ, ಹಳೆಯ ದರದಲ್ಲಿ 79.38. ವ್ಯತ್ಯಾಸ 180 ರೂಪಾಯಿ, ಅಂದರೆ ಲೀಟರಿಗೊಂದರಂತೆ 18,000 ಪೈಸೆ.