ಗ್ರೀಸಿನ ನಗರರಾಜ್ಯಗಳೂ ನಮ್ಮ ಪಾಳೆಯಪಟ್ಟುಗಳೂ

ಅಲೆಕ್ಸಾಂಡರನ ಹೆಸರು ಕೇಳದವರಿಲ್ಲ. ಆದರೆ ಅವನ ತಂದೆ ಫಿಲಿಪ್ಪನು ಗ್ರೀಸನ್ನು ಹೇಗೆ ಕೈವಶ ಮಾಡಿಕೊಂಡನೆಂದು ನಮ್ಮ ವಾಚನಾಲಯದಲ್ಲಿ ಪರೀಕ್ಷೆಗೆ ಓದುವ ಮಿತ್ರರೊಬ್ಬರು ಕೇಳಿದರು. ಪುಸ್ತಕ ತಿರುವಿದಂತೆಲ್ಲ ನಮಗೆ ನೆನಪಾದುದು ಬಿದನೂರು ಮತ್ತು ಚಿತ್ರದುರ್ಗ. ಆದ್ದರಿಂದ ಎರಡನ್ನೂ ಕೂಡಿಯೇ ಬರೆಯುತ್ತೇವೆ.

ಗ್ರೀಸ್ ಆಗ ಒಂದು ರಾಜ್ಯವಲ್ಲ. ಅಥೆನ್ಸ್, ಸ್ಪಾರ್ಟಾ, ಥೀಬ್ಸ್ ಹೀಗೆ ಒಂದೊಂದು ಊರೂ ಒಂದೊಂದು ರಾಜ್ಯ. ನುಡಿ ಒಂದೇ, ದೇವರುಗಳೂ ಅವೇ; ಹಗೆ ಮಾತ್ರ ತೀರದು. ಕ್ರಿ. ಪೂ. 431ರಿಂದ 404ರವರೆಗೆ ಕಾದಾಡಿ ಸ್ಪಾರ್ಟಾ ಅಥೆನ್ಸನ್ನು ಸೋಲಿಸಿತು. ಅದರ ಹಡಗುಪಡೆಗೆ ಹಣ ಕೊಟ್ಟವರು ಯಾರು? ಗ್ರೀಕರೆಲ್ಲರ ಹಳೆಯ ವೈರಿಗಳಾದ ಪರ್ಷಿಯನರು! 371ರಲ್ಲಿ ಥೀಬ್ಸ್ ಲ್ಯೂಕ್ಟ್ರದಲ್ಲಿ ಸ್ಪಾರ್ಟಾವನ್ನು ಮುರಿಯಿತು. ರಣದಲ್ಲಿದ್ದ ಸುಮಾರು 700 ಸ್ಪಾರ್ಟಾ ಪೌರರಲ್ಲಿ 400 ಮಂದಿ ಮಡಿದರು; ಆ ನಷ್ಟ ಮತ್ತೆ ತುಂಬಲಿಲ್ಲ.

ಬಾಲ್ಯದಲ್ಲಿ ಥೀಬ್ಸಿನಲ್ಲಿ ಒತ್ತೆಯಾಳಾಗಿದ್ದ ಫಿಲಿಪ್ಪನು 359ರಲ್ಲಿ ಮ್ಯಾಸಿಡೋನಿಯದ ಅಧಿಕಾರ ಹಿಡಿದನು. ಉದ್ದ ಈಟಿಯ ಪಡೆ ಕಟ್ಟಿದನು. ಪ್ಯಾಂಜಿಯಮ್ ಬೆಟ್ಟದ ಚಿನ್ನದ ಗಣಿಗಳಿಂದ ಸಂಬಳ ಕೊಟ್ಟನು. ಗ್ರೀಕರು ತಾವಾಗಿಯೇ ಅವನನ್ನು ಒಳಗೆ ಕರೆದರು: ಫೋಕಿಸ್ ನಾಡಿನವರನ್ನು ಅಡಗಿಸಲು ಥೀಬ್ಸಿನವರು ಅವನ ನೆರವು ಬೇಡಿದರು. ಡೆಮಾಸ್ತನೀಸನು ಅಥೆನ್ಸಿನಲ್ಲಿ ಗಂಟಲು ಹರಿಯುವಂತೆ ಎಚ್ಚರಿಸಿದನು. ಥೀಬ್ಸ್ ಮತ್ತು ಅಥೆನ್ಸ್ ಕೊನೆಗೆ ಒಂದಾದವು. 338ರಲ್ಲಿ ಕೈರೋನಿಯದಲ್ಲಿ ಇಬ್ಬರೂ ಸೋತರು. ಮೂರು ವರ್ಷಗಳಲ್ಲಿ ಅಲೆಕ್ಸಾಂಡರನು ಥೀಬ್ಸನ್ನು ನೆಲಸಮ ಮಾಡಿದನು.

ಇನ್ನು ನಮ್ಮ ನಾಡಿಗೆ ಬರೋಣ. 1565ರಲ್ಲಿ ವಿಜಯನಗರ ಸೋತ ಮೇಲೆ ಅದರ ಕೈಕೆಳಗಿನ ನಾಯಕರು ತಾವೇ ದೊರೆಗಳಾದರು. ಮೆಣಸು, ಅಕ್ಕಿಗಳ ವ್ಯಾಪಾರದಿಂದ ಬಿದನೂರು ಸಿರಿವಂತವಾಯಿತು. ಚಿತ್ರದುರ್ಗಕ್ಕೆ ಬೇಡರ ಶೌರ್ಯವೇ ಬಂಡವಾಳ. 1748ರ ಸುಮಾರಿಗೆ ಮಾಯಕೊಂಡದಲ್ಲಿ ಬಿದನೂರು, ಹರಪನಹಳ್ಳಿ, ರಾಯದುರ್ಗ, ಸವಣೂರುಗಳು ಕೂಡಿ ಚಿತ್ರದುರ್ಗದ ಮೇಲೆ ಬಿದ್ದವು. ಆ ಕಾಳಗದಲ್ಲಿ ಚಿತ್ರದುರ್ಗದ ದೊರೆ ಮಡಿದನು. ದುರ್ಗದವರು ಇದನ್ನು ಮರೆಯುವುದುಂಟೆ?

ಹೈದರಾಲಿಯು ದುರ್ಗದ ಬಳಿಗೆ ಬಂದಾಗ ಮದಕರಿ ನಾಯಕನು ಕಪ್ಪ ಒಪ್ಪಿಕೊಂಡನು. ಜೊತೆಗೆ, ಬಿದನೂರಿನ ಗದ್ದುಗೆ ತನ್ನದೆನ್ನುವ ಒಬ್ಬ ತರುಣನನ್ನು ಹೈದರನ ಮುಂದೆ ನಿಲ್ಲಿಸಿದನು. ಹೈದರನಿಗೆ ಬೇಕಾಗಿದ್ದ ನೆವ ಸಿಕ್ಕಿತು. ಬಿದನೂರಿಗೆ ನುಸುಳುದಾರಿ ತೋರಿಸಿದವನು ಅಲ್ಲಿಯ ಹಳೆಯ ಮಂತ್ರಿ ಲಿಂಗಣ್ಣ. 1763ರಲ್ಲಿ ರಾಣಿ ವೀರಮ್ಮಾಜಿ ಅರಮನೆಗೆ ಬೆಂಕಿಯಿಕ್ಕಿಸಿ ಬಲ್ಲಾಳರಾಯನದುರ್ಗಕ್ಕೆ ಓಡಿದಳು. ಸಿಕ್ಕಿಬಿದ್ದ ಮೇಲೆ ಅವಳನ್ನು ಮಧುಗಿರಿಯ ಕೋಟೆಗೆ ಕಳಿಸಿದರು. ಗದ್ದುಗೆಯ ಆಸೆಯಿಂದ ಬಂದಿದ್ದ ಆ ತರುಣನನ್ನೂ ಅಲ್ಲಿಗೇ ಕಳಿಸಿದರು! ಬಿದನೂರಿನ ಭಂಡಾರ ಹೈದರನ ದಂಡಿಗೆ ಪ್ಯಾಂಜಿಯಮ್ ಗಣಿಯಂತೆ ಒದಗಿತು. ಊರು ಹೈದರ್‌ನಗರವಾಯಿತು, ಇಂದು ಅದನ್ನು ನಗರವೆನ್ನುತ್ತಾರೆ.

ಹದಿನಾರು ವರ್ಷಗಳ ಮೇಲೆ, 1779ರಲ್ಲಿ, ಚಿತ್ರದುರ್ಗವೂ ಬಿದ್ದಿತು. ಕೋಟೆಯ ಏಳು ಸುತ್ತೂ ಕಾಯಲಿಲ್ಲ. ಒಳಗಿನವರೇ ಕೆಲವರು ಶತ್ರುವಿನ ಕಡೆ ಸೇರಿದ್ದರು. ಮದಕರಿ ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಸಾವಿರಾರು ಬೇಡರನ್ನೂ ಅಲ್ಲಿಗೆ ಸಾಗಿಸಿದರು. ಅವರ ಹುಡುಗರನ್ನು ಹೈದರನ ದಂಡಿಗೇ ಸೇರಿಸಿಕೊಂಡರು.