ರೇಡಿಯೋ ಗ್ರಾಹಕದಲ್ಲಿ ಶೋಧಕದ ಅಗಲ

ನಮ್ಮ ಮೈಸೂರಿಗೂ ರೇಡಿಯೋ ವಿದ್ಯೆಗೂ ಹಳೆಯ ನಂಟುಂಟು. ಮಹಾರಾಜರ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಗಳು 1935ನೆಯ ಇಸವಿಯಲ್ಲಿ ತಮ್ಮ ಮನೆಯಿಂದಲೇ ಸಣ್ಣದೊಂದು ಪ್ರೇಷಕಯಂತ್ರದ ಮೂಲಕ ಪ್ರಸಾರವನ್ನು ಆರಂಭಿಸಿದರು. ಆ ನಿಲಯಕ್ಕೆ ‘ಆಕಾಶವಾಣಿ’ ಎಂದು ಹೆಸರಾಯಿತು. ಮುಂದೆ ದೇಶದ ಬಾನುಲಿಗೂ ಅದೇ ಹೆಸರು ಬಂದಿತು. ಅಂತಹ ಊರಿನಲ್ಲಿ ಕಲಿತ ನಮಗೆ ಗ್ರಾಹಕಯಂತ್ರದ ಒಂದು ಮುಖ್ಯ ತತ್ತ್ವವನ್ನಾದರೂ ಅರಿಯುವುದು ಉಚಿತವಲ್ಲವೇ?

ಹಿನಕಲ್ಲಿನಲ್ಲಿ ಹುಣಸೂರು ರಸ್ತೆಯೂ ವರ್ತುಲ ರಸ್ತೆಯೂ ಕೂಡುವೆಡೆಗೆ ಸಮೀಪದ ಒಂದು ಮನೆಯ ತಾರಸಿಯ ಮೇಲೆ ತಂತಿಯನ್ನು ಕಟ್ಟಿ, ದೂರದ ಹವ್ಯಾಸಿಯೊಬ್ಬರ ಕ್ಷೀಣಧ್ವನಿಗೆ ಕಿವಿಗೊಡುತ್ತಿದ್ದೇವೆಂದು ಭಾವಿಸೋಣ. ತಂತಿಯು ಆ ಧ್ವನಿಯೊಂದನ್ನೇ ಆರಿಸಿ ತರುವುದಿಲ್ಲ. ನೆರೆಯ ನಿಲಯಗಳ ಮಾತು, ವಾಹನಗಳ ಕಿಡಿಯ ಸದ್ದು, ಎಲ್‌ಇಡಿ ದೀಪಗಳ ಗುಜುಗುಜು, ಎಲ್ಲವೂ ಒಟ್ಟಿಗೆ ಬರುವುವು. ಇವನ್ನು ಬೇರ್ಪಡಿಸುವ ಜರಡಿಯೇ ಶೋಧಕವು.

ಜರಡಿಯ ಕಣ್ಣು ಎಷ್ಟು ಅಗಲವಿರಬೇಕು? ಸಿಂಗಲ್ ಸೈಡ್‌ಬ್ಯಾಂಡ್ ಪದ್ಧತಿಯ ಮಾತಿಗೆ ಸುಮಾರು 2400 ಹರ್ಟ್ಸ್ ಬೇಕು; ಮೋರ್ಸ್ ಸಂಜ್ಞೆಗೆ 500 ಹರ್ಟ್ಸ್ ಧಾರಾಳವಾಗಿ ಸಾಕು. ಸಮನಾಗಿ ಹರಡಿರುವ ಗದ್ದಲವು ಅಗಲಕ್ಕೆ ತಕ್ಕಷ್ಟೇ ಒಳನುಗ್ಗುವುದರಿಂದ, 2400ನ್ನು 500ಕ್ಕೆ ಇಳಿಸಿದರೆ ಗದ್ದಲವು ಹೆಚ್ಚುಕಡಿಮೆ ಐದರಲ್ಲೊಂದು ಪಾಲಾಗುವುದು.

ಹಾಗಾದರೆ ಕಿರಿದು ಮಾಡುತ್ತಲೇ ಹೋಗಬಹುದೇ? ಕೂಡದು. ಮಾತಿನಲ್ಲಿ ಸ್ವರಗಳ ಬಲವು ಕೆಳಗಿನ ಕಂಪನಗಳಲ್ಲಿಯೂ, ‘ಸ’ ‘ಶ’ಗಳಂತಹ ವ್ಯಂಜನಗಳ ಗುರುತು ಮೇಲಿನವುಗಳಲ್ಲಿಯೂ ಇರುವುದು. ಮೇಲಿನದನ್ನು ಕತ್ತರಿಸಿದರೆ ಸದ್ದು ಕೇಳಿಸುವುದೇ ಹೊರತು ಅರ್ಥವಾಗದು. ಮೋರ್ಸಿಗೂ ಮಿತಿಯುಂಟು. 50 ಹರ್ಟ್ಸ್ ಅಗಲದ ಶೋಧಕವು ಸಂಜ್ಞೆಗೆ ಓಗೊಡಲು ಸುಮಾರು 20 ಮಿಲಿಸೆಕೆಂಡು ಹಿಡಿಯುವುದು; ಸಂಜ್ಞೆ ನಿಂತ ಮೇಲೂ ಬಾರಿಸಿದ ಗಂಟೆಯಂತೆ ಅನುರಣಿಸುವುದು. ನಿಮಿಷಕ್ಕೆ 40 ಪದಗಳ ವೇಗದಲ್ಲಿ ಚುಕ್ಕಿಯ ಕಾಲವೇ 30 ಮಿಲಿಸೆಕೆಂಡು! ಚುಕ್ಕಿಯೂ ಗೆರೆಯೂ ಒಂದರೊಳಗೊಂದು ಕಲಸಿಹೋಗುವುವು.

ಇನ್ನು ಶೋಧಕವನ್ನು ಎಲ್ಲಿಡಬೇಕೆಂಬುದು ಪ್ರಶ್ನೆ. 70 ಲಕ್ಷ ಹರ್ಟ್ಸಿಗೆ ಶ್ರುತಿಗೊಳಿಸಿದ, ಗುಣಾಂಕ 100 ಉಳ್ಳ ಸುರುಳಿಯ ಮಂಡಲವು 70,000 ಹರ್ಟ್ಸ್ ಅಗಲವನ್ನು ಬಿಟ್ಟುಕೊಡುವುದು. ಅದೇ ಗುಣಾಂಕವು 4,55,000 ಹರ್ಟ್ಸಿನಲ್ಲಿ 4,550 ಹರ್ಟ್ಸನ್ನು ಮಾತ್ರ ಬಿಡುವುದು. ಆದುದರಿಂದಲೇ ಸೂಪರ್‌ಹೆಟರೊಡೈನ್ ಗ್ರಾಹಕವು ಬಂದ ಅಲೆಯನ್ನು ಕೆಳಗಿನ ಕಂಪನಕ್ಕಿಳಿಸಿ, ಅಲ್ಲಿ ಸೋಸುವುದು. ಆದರೆ ಈ ಲಾಭಕ್ಕೂ ಬೆಲೆಯುಂಟು: 9,10,000 ಹರ್ಟ್ಸ್ ಆಚೆಯ ಇನ್ನೊಂದು ಅಲೆಯೂ ಅದೇ ಕಂಪನಕ್ಕಿಳಿದು ಒಳನುಸುಳಬಲ್ಲುದು. ಅದನ್ನು ತಡೆಯಲು ಮುಂಬಾಗಿಲಲ್ಲಿ ಅಗಲವಾದ ಶೋಧಕವೂ, ನೆರೆಯ ನಿಲಯಗಳನ್ನು ಬೇರ್ಪಡಿಸಲು ಒಳಗೆ ಸ್ಫಟಿಕದ ಕಿರಿದಾದ ಶೋಧಕವೂ ಬೇಕಾಗುವುವು.

ಪ್ರವಾಹದ ವೇಳೆ ದೂರವಾಣಿಯು ಕೈಕೊಟ್ಟಾಗ ಹವ್ಯಾಸಿಯು ‘ಹದಿನಾರು ಜನ’ ಎಂದುದನ್ನು ‘ಹದಿನೇಳು’ ಎಂದು ಕೇಳಿದರೆ ಆಗುವ ಅನರ್ಥವನ್ನು ಯೋಚಿಸಿರಿ. ನಿಪುಣನು ಅಗಲವಾದ ಶೋಧಕದಿಂದ ಹುಡುಕಿ, ಕಂಡ ಬಳಿಕ ಅರ್ಥ ಕೆಡದಷ್ಟೇ ಕಿರಿದು ಮಾಡುವನು. ಸಂಖ್ಯೆಯನ್ನು ಮರಳಿ ಹೇಳಿಸುವನು. ಗದ್ದಲವೆಲ್ಲ ಹೋಗಲೆಂದು ಮಾತನ್ನೇ ಕಳೆದುಕೊಳ್ಳಬಾರದು. ಮಾತೆಲ್ಲ ಉಳಿಯಲೆಂದು ಗದ್ದಲದಲ್ಲಿ ಮುಳುಗಲೂ ಬಾರದು. ಇವೆರಡರ ನಡುವಣ ಹದವನ್ನರಿತು ಕೇಳುವುದೇ ಈ ವಿದ್ಯೆಯ ಸಾರವು.